ಯಾರ ಚಿತ್ತ?

ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುವಾರ ಆದೋನಿಯ ನನ್ನ ಕಚೇರಿಗೆ ಹಾಲಹರವಿ ಮಂಡಲದ ಹಳ್ಳಿಯೊಂದರಿಂದ ತಂದೆ ಮತ್ತು ಮಗಳು ಬಂದಿದ್ದರು. ಭಾನುವಾರದ ಆರಾಧನೆಯನ್ನು ತಪ್ಪಿಸದ ಕ್ರೈಸ್ತ ಕುಟುಂಬ. ಎರಡೆಕರೆ ಮಳೆಯಾಶ್ರಿತ ಹೊಲ. ಹತ್ತಿ ಬಿಡಿಸಿದ ಮೇಲೆ ಗುಂಟೂರು ಸೀಮೆಗೆ ಮೆಣಸಿನಕಾಯಿ ಸುಗ್ಗಿಗೆ ಹೋಗಿಬರುವ ಜನ. ಮಗಳು ಅಜ್ಜಿಯ ಜೊತೆ ಊರಿನಲ್ಲಿಯೇ ಉಳಿದು ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ್ದಳು. ಬಳ್ಳಾರಿಗೆ ಹೋಗಿ ಮುಂದೆ ಓದಬೇಕೆಂಬುದು ಅವಳ ಆಸೆ. ತಂದೆಗೆ ಬೇಕಾಗಿದ್ದುದು ಬೇರೆ: ಮಗಳಿಗೆ ಹದಿನೆಂಟು ವರ್ಷ ತುಂಬಿದೆಯೆಂದು ಸಾರುವ ಒಂದು ಅಫಿಡವಿಟ್.

“ಒಳ್ಳೆ ಸಂಬಂಧ ಬಂದೈತಿ ಸಾರ್. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿ ಕೇಳೀವಿ. ಇದು ದೇವರ ಚಿತ್ತ. ಓದಬೇಕನ್ನೋ ಆಸೆನ ಆಕಿ ಕರ್ತನ ಪಾದಕ್ಕೆ ಒಪ್ಪಿಸಿಬಿಟ್ಟರ ಎಲ್ಲಾ ಸರಿ ಹೋಗ್ತೈತಿ” ಎಂದರು.

ಹುಡುಗಿ ಬಾಗಿಲ ಬಳಿ ನಿಂತಿದ್ದಳು. ನೀನೇನು ಹೇಳುತ್ತೀಯಮ್ಮಾ ಎಂದು ಕೇಳಿದೆ. ಅವಳು ತಂದೆಯ ಕಡೆ ನೋಡದೆ, “ನಾನೂ ದಿನಾಲು ಪ್ರಾರ್ಥನೆ ಮಾಡ್ತೀನಿ ಸಾರ್. ನನಗ ದೇವರು ಹಂಗ ಹೇಳಿಲ್ಲ” ಎಂದಳು.

ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹೆಣ್ಣಿಗೆ 18, ಗಂಡಿಗೆ 21 ತುಂಬದೆ ಮದುವೆ ಮಾಡುವಂತಿಲ್ಲ. ಮಾಡಿಸಿದವರಿಗೆ, ನಡೆಸಿಕೊಟ್ಟವರಿಗೆ, ಕುಮ್ಮಕ್ಕು ಕೊಟ್ಟ ಹಿರಿಯರಿಗೆ ಎರಡು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಶಾಲೆಯ ದಾಖಲೆಯಲ್ಲಿ ಹದಿನಾರು ಎಂದಿರುವಾಗ ತಂದೆಯ ಅಫಿಡವಿಟ್ ಅದನ್ನು ಹದಿನೆಂಟು ಮಾಡಲಾರದು. ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಇನ್ನೊಂದು ಅಪರಾಧವನ್ನು ಕೂಡಿಸೀತು, ಅಷ್ಟೆ. ಇಂಥ ಮದುವೆ ಎಲ್ಲಿಯಾದರೂ ನಡೆಯಲಿದೆಯೆಂದು ತಿಳಿದರೆ 1098ಕ್ಕೆ ಫೋನ್ ಮಾಡಬಹುದು, ಹಣ ಬೇಕಿಲ್ಲ. ಇಷ್ಟನ್ನು ನಾನು ಆ ತಂದೆಗೆ ಹೇಳಿದೆ. ಅವರು ಮುಖ ಕೆಂಪಾಗಿಸಿಕೊಂಡು ಎದ್ದು ಹೋದರು.

ಆದರೆ ‘ದೇವರ ಚಿತ್ತ’ ಎಂಬ ಮಾತು ನನ್ನ ಮೇಜಿನ ಮೇಲೆಯೇ ಉಳಿಯಿತು. ಆ ಮನುಷ್ಯರು ಕಪಟಿಗಳಲ್ಲ. ಸುಗ್ಗಿಗೆ ಹೋಗುವ ತಿಂಗಳುಗಳಲ್ಲಿ ಬೆಳೆದ ಮಗಳನ್ನು ಎಲ್ಲಿ ಬಿಡುವುದು ಎಂಬ ಭಯ ಅವರದು. ಆ ಭಯಕ್ಕೆ ಅವರು ಕಂಡುಕೊಂಡ ಹೆಸರು ದೇವರ ಚಿತ್ತ. ಸ್ವಂತ ಆಸೆಗಳನ್ನು ದೇವರ ಚಿತ್ತಕ್ಕೆ ಒಪ್ಪಿಸುವುದು ಕ್ರೈಸ್ತ ಬಾಳಿನ ಅಂಚಿನ ವಿಷಯವಲ್ಲ, ನಡುಗಂಬ. ಈ ಅಂಕಣದ ಓದುಗರಲ್ಲಿ ಎಲ್ಲ ಮತದವರೂ ಇದ್ದಾರೆ. ಶರಣಾಗತಿ, ಅರ್ಪಣೆ ಎಂಬ ಮಾತುಗಳು ಅವರಿಗೂ ಹೊಸವಲ್ಲ. ಹಾಗಿರುವುದರಿಂದಲೇ, ಒಪ್ಪಿಸುವವರು ಯಾರು, ಒಪ್ಪಿಸುತ್ತಿರುವುದು ಯಾರ ಆಸೆಯನ್ನು ಎಂಬ ಪ್ರಶ್ನೆಯನ್ನು ಒಮ್ಮೆ ಬಿಡಿಸಿ ನೋಡಬೇಕೆನಿಸಿತು.

ಮೂಲಪಾಠವಿರುವುದು ಗೆತ್ಸೇಮನೆ ತೋಟದಲ್ಲಿ. ಶಿಲುಬೆಯ ಹಿಂದಿನ ರಾತ್ರಿ ಯೇಸುಸ್ವಾಮಿ ಅಲ್ಲಿ ಪ್ರಾರ್ಥಿಸಿದ ಪ್ರಸಂಗವನ್ನು ನಾವು ಪ್ರತಿ ಶುಭ ಶುಕ್ರವಾರದ ವಾರದಲ್ಲಿ ಕೇಳುತ್ತೇವೆ. ಆದರೆ ಅದರ ಕೊನೆಯ ಅರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುತ್ತೇವೆ. ಅವರು ಮೊದಲು ಬೇಡಿದ್ದು, ಸಾಧ್ಯವಾದರೆ ಆ ಸಂಕಟದ ಪಾತ್ರೆ ತಮ್ಮನ್ನು ದಾಟಿಹೋಗಲಿ ಎಂದು. ತಂದೆಯ ಚಿತ್ತವೇ ಆಗಲಿ ಎಂಬುದು ಅದರ ನಂತರದ ಮಾತು. ಮತ್ತಾಯ ಮತ್ತು ಮಾರ್ಕರ ಸುವಾರ್ತೆಗಳ ಪ್ರಕಾರ ಒಂದೇ ಸಲಕ್ಕೆ ಮುಗಿಯಲಿಲ್ಲ, ಮೂರು ಸಲ ಹೋಗಿ ಪ್ರಾರ್ಥಿಸಿದರು. ದಾವೆಪತ್ರದ ಕೊನೆಯ ಭಾಗಕ್ಕೆ ನ್ಯಾಯಾಲಯದ ಭಾಷೆಯಲ್ಲಿಯೂ ‘ಪ್ರಾರ್ಥನೆ’ ಎಂದೇ ಹೆಸರು. ತನಗೆ ಯಾವ ಪರಿಹಾರ ಬೇಕೆಂಬುದನ್ನು ವಾದಿಯು ಅಲ್ಲಿ ನಿರ್ದಿಷ್ಟವಾಗಿ ಹೇಳಲೇಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮವಿದೆ. ಏನು ಬೇಕೆಂದು ಬಾಯಿಬಿಟ್ಟು ಹೇಳದವನು ಯಾವುದನ್ನು ಬಿಟ್ಟುಕೊಟ್ಟನೆಂದು ತಿಳಿಯುವುದು ಹೇಗೆ? ಮಗಳ ಆಸೆಯನ್ನು ಕೇಳುವ ಮೊದಲೇ ಅದನ್ನು ಒಪ್ಪಿಸಿಬಿಡು ಎನ್ನುವ ಮನೆಯಲ್ಲಿ ಗೆತ್ಸೇಮನೆಯ ಮೊದಲರ್ಧ ಕಾಣೆಯಾಗಿದೆ.

ಅದೇ ರಾತ್ರಿಯ ಇನ್ನೊಂದು ವಿವರವನ್ನು ಯೋಹಾನನ ಸುವಾರ್ತೆ ಕೊಡುತ್ತದೆ. ಹಿಡಿಯಲು ಬಂದವರ ಎದುರಿಗೆ ಯೇಸು ತಾವೇ ಮುಂದೆ ಬಂದು, ಬೇಕಾದವನು ತಾನಾಗಿರುವುದರಿಂದ ಜೊತೆಯಲ್ಲಿದ್ದ ಶಿಷ್ಯರನ್ನು ಹೋಗಗೊಡಬೇಕೆಂದು ಹೇಳುತ್ತಾರೆ. ತಮ್ಮನ್ನು ಒಪ್ಪಿಸಿಕೊಂಡರು, ಜೊತೆಯವರನ್ನು ಒಪ್ಪಿಸಲಿಲ್ಲ. ಮರುದಿನ ಶಿಲುಬೆಯ ಮೇಲಿನಿಂದ ತಾಯಿಯ ಮುಂದಿನ ಬಾಳಿಗೆ ಏರ್ಪಾಡು ಮಾಡಿದರು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಇಲ್ಲಿದೆ.

ವಕೀಲನಾದವನಿಗೆ ಒಪ್ಪಿಸುವುದು ಎಂದೊಡನೆ ದಾನಪತ್ರ ನೆನಪಾಗುತ್ತದೆ, ಓದುಗರು ಕ್ಷಮಿಸಬೇಕು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 122ನೆಯ ಕಲಮಿನ ಪ್ರಕಾರ ದಾನವೆಂದರೆ ಈಗ ಅಸ್ತಿತ್ವದಲ್ಲಿರುವ ಸ್ವತ್ತನ್ನು, ಸ್ವಇಚ್ಛೆಯಿಂದ, ಪ್ರತಿಫಲವಿಲ್ಲದೆ ಕೊಡುವುದು, ಪಡೆಯುವವನು ಸ್ವೀಕರಿಸುವುದು. 124ನೆಯ ಕಲಮು, ಮುಂದೆ ಕೈಗೆ ಬರಬಹುದಾದ ಸ್ವತ್ತಿನ ದಾನ ಅಸಿಂಧು ಎನ್ನುತ್ತದೆ. ಕೊಟ್ಟವನು ಮನಸ್ಸು ಬಂದಾಗ ಹಿಂದಕ್ಕೆ ಪಡೆಯಬಹುದೆಂಬ ಒಪ್ಪಂದದ ದಾನವೂ ಅಸಿಂಧುವೆಂಬುದು 126ನೆಯ ಕಲಮು. ಶಾಸನ ರಚಿಸಿದವರು ಭೂಮಿಕಾಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಆದರೂ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವವರ ಮಾತುಗಳನ್ನು ಈ ಕಲಮುಗಳಿಗೆ ಹಚ್ಚಿ ನೋಡಿದರೆ ಎಷ್ಟು ನಿಲ್ಲುತ್ತವೆಯೋ ನನಗೆ ಅನುಮಾನ. ಇದನ್ನು ಬಿಡುತ್ತೇನೆ, ಅದನ್ನು ಕೊಡು ಎಂಬ ಹರಕೆಯಲ್ಲಿ ಪ್ರತಿಫಲ ಸೇರಿಕೊಂಡಿರುತ್ತದೆ.

ಅನ್ಯರ ಮಾತೇಕೆ? ಮೂವತ್ತರ ಆಸುಪಾಸಿನಲ್ಲಿ ನಾನು ಮುನ್ಸೀಫ್ ಹುದ್ದೆಯ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ನಪಾಸಾದೆ. ಎರಡನೆಯ ಫಲಿತಾಂಶದ ದಿನ ಸಾಯಂಕಾಲ ಹೆಂಡತಿಯ ಎದುರಿಗೆ, ನ್ಯಾಯಾಧೀಶನಾಗುವ ಆಸೆಯನ್ನು ದೇವರಿಗೆ ಒಪ್ಪಿಸಿಬಿಟ್ಟೆನೆಂದು ಬಹಳ ಗಾಂಭೀರ್ಯದಿಂದ ಹೇಳಿದೆ. ಕೈಗೆ ಬಾರದ ಹುದ್ದೆಯನ್ನು ದಾನ ಮಾಡಿದ್ದೆ. 124ನೆಯ ಕಲಮಿಗೆ ನನಗಿಂತ ಒಳ್ಳೆಯ ಉದಾಹರಣೆಯಿಲ್ಲ. ಬಹಳ ದಿನಗಳವರೆಗೆ ನನಗಿಂತ ಕಿರಿಯರು ಪೀಠದ ಮೇಲೆ ಕುಳಿತಾಗ ‘ಮಹಾಸ್ವಾಮಿ’ ಎನ್ನುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಅದು ಸಮರ್ಪಣೆಯಾಗಿರಲಿಲ್ಲ, ಮುನಿಸು.

ನಿಜವಾಗಿ ಬಾಗಿದ ಆಸೆ ಹೇಗಿರುತ್ತದೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ಒಂದು ಗುರುತಿದೆ. ಲಂಡನ್ ಮಿಷನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಎಂಬವರು ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರಿಗೆ ನಿಶ್ಚಯವಾಗಿದ್ದ ಊರು ಶ್ರೀರಂಗಪಟ್ಟಣ. ಅಲ್ಲಿಗೆ ದಾರಿ ತೆರೆಯಲಿಲ್ಲ. ಬಳ್ಳಾರಿಯಲ್ಲಿ ಕುಳಿತು ಅವರು ಕನ್ನಡ ಕಲಿತರು. ಹೊರಗಿನಿಂದ ಬಂದವನಿಗೆ ಕನ್ನಡ ಕಲಿಸಬಲ್ಲ ಅಚ್ಚಿನ ವ್ಯಾಕರಣ ಆಗ ಇರಲಿಲ್ಲ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಬೇಡದ ಊರಿನಲ್ಲಿ ಇಪ್ಪತ್ತು ವರ್ಷಗಳ ಕೆಲಸ. ಹಾಲಹರವಿಯಿಂದ ಬಸ್ಸು ಹತ್ತಿದರೆ ಬಳ್ಳಾರಿ ಎಷ್ಟು ಹೊತ್ತಿನ ದಾರಿ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆಗ ಆಲೂರು, ಆದೋನಿ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಯದೇ ಭಾಗ. 1953ರ ಅಕ್ಟೋಬರ್ 1ರಂದು ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅದನ್ನೂ ದೇವರ ಚಿತ್ತವೆಂದು ಹೇಳಿ ಕೈಕಟ್ಟಿ ಕುಳಿತುಕೊಳ್ಳುವ ಹಿರಿಯರನ್ನು ಬಲ್ಲೆ. ನಕಾಶೆಯ ಮೇಲೆ ಗೆರೆ ಎಳೆದದ್ದು ಮನುಷ್ಯರು. ಆ ಗೆರೆಯ ಈಚೆಗೆ ಉಳಿದ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ಅನುಚ್ಛೇದವನ್ನು 1956ರಲ್ಲಿ ಸೇರಿಸಿದವರೂ ಮನುಷ್ಯರೇ. ಪಠ್ಯಪುಸ್ತಕ ಕೇಳಲು ಅರ್ಜಿ ಹಾಕುವುದು ಅವಿಧೇಯತೆಯಲ್ಲ.

ಆದರೆ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಪ್ರಶ್ನೆಗೆ ಹ್ಯಾಂಡ್ಸರ ಕತೆ ಸಾಲದು. ಅವರ ಆಸೆಗೆ ಅಡ್ಡಬಂದದ್ದು ಪರಿಸ್ಥಿತಿ, ದೇವರ ಹೆಸರು ಹಿಡಿದ ಹಿರಿಯರಲ್ಲ. ಅದಕ್ಕೆ ಬೇಕಾದವರು ಪಂಡಿತಾ ರಮಾಬಾಯಿ.

ಪುಣೆಯವರೆಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುವ ಈ ಮಹಿಳೆ ಹುಟ್ಟಿದ್ದು ಕನ್ನಡ ನೆಲದಲ್ಲಿ, 1858ರ ಏಪ್ರಿಲ್ 23ರಂದು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಉಡುಪಿಯಲ್ಲಿ ವಿದ್ವಾಂಸರ ಸಭೆಗೆ ಉತ್ತರ ಕೊಡಬೇಕಾಯಿತು. ಆ ತಾಯಿಯೇ ರಮಾಬಾಯಿಗೆ ಸಂಸ್ಕೃತ ಪಾಠ ಹೇಳಿದರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣನೊಡನೆ ಊರೂರು ಅಲೆದು 1878ರಲ್ಲಿ ಕಲ್ಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯ ಕಂಡು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಹೋದರು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆ. 1882ರಲ್ಲಿ ಕಾಲರಾ ಗಂಡನನ್ನು ಒಯ್ದಿತು. ಮಗಳು ಮನೋರಮೆ ಇನ್ನೂ ಕೈಕೂಸು.

ಅವರ ಆಸೆ ವೈದ್ಯೆಯಾಗುವುದಾಗಿತ್ತು. ಗಂಡು ವೈದ್ಯರ ಬಳಿ ಹೋಗಲಾರದೆ ಹೆಣ್ಣುಮಕ್ಕಳು ಸಾಯುತ್ತಿರುವುದನ್ನು ಅವರು ಬಲ್ಲವರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದಾಗ ಹೆಣ್ಣು ವೈದ್ಯರು ಬೇಕೆಂದು ವಾದಿಸಿದ್ದರು. ಅದನ್ನೇ ಕಲಿಯಲೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಷ್ಟರಲ್ಲಿ ಕಿವಿ ಮಂದವಾಗುತ್ತ ಬಂದಿತ್ತು. ಕಿವಿ ಕೇಳದವರಿಗೆ ವೈದ್ಯಶಿಕ್ಷಣದ ಬಾಗಿಲು ಮುಚ್ಚಿತು. ಆ ಆಸೆಯನ್ನು ಅವರು ಬಿಟ್ಟುಕೊಟ್ಟರು. ಅದಕ್ಕಾಗಿ ಹಠ ಹಿಡಿದು ಬಾಳನ್ನು ಸವೆಸಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಇನ್ನು ಮುಂದಿನದು ನಮಗೆ ಬೇಕಾದ ಭಾಗ. ದೀಕ್ಷಾಸ್ನಾನವಾದ ಮೇಲೆ ಅವರು ಸಭೆಯ ಹಿರಿಯರು ಹೇಳಿದಂತೆ ಕೇಳಿಕೊಂಡಿರಬೇಕೆಂದು ಅವರ ಹಿತೈಷಿಗಳೇ ನಿರೀಕ್ಷಿಸಿದರು. ಅವರಿಗೆ ಆಶ್ರಯ ಕೊಟ್ಟಿದ್ದ ಸಿಸ್ಟರ್ ಜೆರಾಲ್ಡಿನ್ ಅವರಿಗೂ ರಮಾಬಾಯಿಗೂ ನಡೆದ ಪತ್ರವ್ಯವಹಾರ ಉಳಿದುಬಂದಿದೆ. ಗಂಡು ವಿದ್ಯಾರ್ಥಿಗಳಿಗೆ ಅವರು ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ, ಇದನ್ನು ನಿರ್ಧರಿಸುವ ಅಧಿಕಾರ ನಿಮ್ಮದಲ್ಲವೆಂದು ಪ್ರತಿಭಟಿಸಿದರು. ಕೊರಳಿನ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತಕ್ಕೇನು ಕೊರತೆ ಎಂದೂ ಜಗಳವಾಡಿದರು. ಭಾಷೆಗಾಗಿ ಅರ್ಜಿ ಬರೆದು ಬರೆದು ಸವೆದ ನಮಗೆ ಈ ಜಗಳ ಬಹಳ ಹತ್ತಿರದ್ದೆನಿಸುತ್ತದೆ. ಅವರ ನಿಲುವಿನ ಸಾರ ಇಷ್ಟು: ದೇವರಿಗೆ ವಿಧೇಯಳಾಗಿರುತ್ತೇನೆ, ದೇವರ ಪರವಾಗಿ ಮಾತನಾಡುತ್ತೇವೆನ್ನುವವರ ಮಾತನ್ನು ನನ್ನ ಅಂತಃಸಾಕ್ಷಿ ಒಪ್ಪಿದರೆ ಮಾತ್ರ ಕೇಳುತ್ತೇನೆ. ಹಿತೈಷಿಗಳಿಗೆ ಇದು ಅಹಂಕಾರವಾಗಿ ಕಂಡಿತು.

ಅಹಂಕಾರಿಯೆಂದು ಹೆಸರು ಪಡೆದ ಆ ಹೆಣ್ಣು ದೇಶಕ್ಕೆ ಮರಳಿ ಏನು ಮಾಡಿದರೆಂಬುದು ಇತಿಹಾಸದಲ್ಲಿದೆ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. 1896-97ರ ಬರದಲ್ಲಿ ಮಧ್ಯಪ್ರಾಂತ್ಯದಿಂದ ಕರೆತಂದ ನೂರಾರು ಹೆಣ್ಣುಮಕ್ಕಳಿಗೆ ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನ. 1912ರಲ್ಲಿ ನಮ್ಮ ಗುಲ್ಬರ್ಗದಲ್ಲಿ ಒಂದು ಪ್ರೌಢಶಾಲೆ. ಹೀಬ್ರೂ, ಗ್ರೀಕ್ ಕಲಿತು ಬೈಬಲ್ಲನ್ನು ಸರಳ ಮರಾಠಿಗೆ ತಂದರು. ಅದರ ಮೊಳೆ ಜೋಡಿಸಿದವರು ಸದನದ ಹೆಣ್ಣುಮಕ್ಕಳೇ. 1921ರಲ್ಲಿ ಮಗಳು ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡರು. ಅನುವಾದ ಮುಗಿಸಿ ರಮಾಬಾಯಿ ಕಣ್ಣುಮುಚ್ಚಿದ್ದು 1922ರ ಏಪ್ರಿಲ್ 5ರಂದು. ಒಪ್ಪಿಸಿದ್ದರಲ್ಲಿ ಏನೂ ಕಡಿಮೆಯಿರಲಿಲ್ಲ. ಒಪ್ಪಿಸಿದವರು ಅವರೇ ಎಂಬುದು ಮುಖ್ಯ.

ಅವರನ್ನು ದೇವತೆಯಾಗಿಸಬೇಕಾಗಿಲ್ಲ. ಸದನದ ಹುಡುಗಿಯರು ತಮ್ಮ ಪ್ರಾರ್ಥನೆಗೆ ಬಂದು ಕುಳಿತದ್ದನ್ನು ಅವರು ತಡೆಯಲಿಲ್ಲವೆಂದು ಪುಣೆಯಲ್ಲಿ ದೊಡ್ಡ ವಿವಾದವೆದ್ದು, ಸಲಹಾ ಮಂಡಳಿಯ ಗಣ್ಯರು 1893ರಲ್ಲಿ ಹೊರನಡೆದರು. ಆಶ್ರಯ ಕೊಟ್ಟವರ ನಂಬಿಕೆ ಆಶ್ರಯ ಪಡೆದವರ ಮೇಲೆ ಎಷ್ಟು ಭಾರವಾಗಿ ಕೂರುತ್ತದೆಂಬ ಆ ಪ್ರಶ್ನೆಯನ್ನು ಕೇಳಿದವರೆಲ್ಲರೂ ದುರುದ್ದೇಶದಿಂದ ಕೇಳಿದರೆಂದು ನಾನು ಹೇಳಲಾರೆ. ಕಾನೂನು ಇದನ್ನು ಅನುಚಿತ ಪ್ರಭಾವ ಎನ್ನುತ್ತದೆ. 1872ರ ಕರಾರು ಅಧಿನಿಯಮದ 16ನೆಯ ಕಲಮು, ಒಬ್ಬರ ಚಿತ್ತದ ಮೇಲೆ ಇನ್ನೊಬ್ಬರು ಹತೋಟಿ ಸಾಧಿಸಬಲ್ಲ ಸ್ಥಾನದಲ್ಲಿದ್ದು ಅದರ ಪ್ರಯೋಜನ ಪಡೆಯುವುದನ್ನು ಒಪ್ಪುವುದಿಲ್ಲ. ಕಾನೂನು ಓದುವವರೆಲ್ಲ ಕಲಿಯುವ ಮೊಕದ್ದಮೆಯೊಂದಿದೆ: ಪರಲೋಕದಲ್ಲಿ ಆತ್ಮಕ್ಕೆ ಒಳಿತಾಗುವುದೆಂದು ವೃದ್ಧನೊಬ್ಬ ತನ್ನ ಸರ್ವಸ್ವವನ್ನೂ ಗುರುವಿಗೆ ದಾನ ಬರೆದಿದ್ದ; 1890ರಲ್ಲಿ ಮನ್ನು ಸಿಂಗ್ ವಿರುದ್ಧ ಉಮಾದತ್ ಪಾಂಡೆ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟು ಆ ದಾನವನ್ನು ಎತ್ತಿಹಿಡಿಯಲಿಲ್ಲ. ಗುರುವಿಗೂ ಶಿಷ್ಯನಿಗೂ ಅನ್ವಯಿಸುವುದು ತಂದೆಗೂ ಮಗಳಿಗೂ, ಸಭಾಪಾಲಕರಿಗೂ ಸಭೆಯವರಿಗೂ ಅನ್ವಯಿಸದೆ ಹೋಗುತ್ತದೆಯೇ?

ಇದನ್ನು ನಾನು ಒಬ್ಬ ಸಭಾಪಾಲಕರ ಎದುರಿಗೆ ಹೇಳಿದಾಗ ಅವರು ತಕ್ಷಣ ಹನ್ನಳ ಉದಾಹರಣೆ ಕೊಟ್ಟರು: ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಅವಳು ದೇವರಿಗೆ ಒಪ್ಪಿಸಲಿಲ್ಲವೇ, ಮಗನ ಒಪ್ಪಿಗೆ ಕೇಳಿದಳೇ? ಒಳ್ಳೆಯ ಪ್ರಶ್ನೆ. ಮನೆಗೆ ಬಂದು ಆ ಅಧ್ಯಾಯಗಳನ್ನು ಮತ್ತೆ ಓದಿದೆ. ತಾಯಿಯ ಹರಕೆ ಮಗುವನ್ನು ಮಂದಿರದವರೆಗೆ ತಂದಿತು, ನಿಜ. ಆದರೆ ಕತೆ ಅಲ್ಲಿ ನಿಲ್ಲುವುದಿಲ್ಲ. ಬಾಲಕ ಸಮುವೇಲನನ್ನು ರಾತ್ರಿ ದೇವರು ಹೆಸರು ಹಿಡಿದು ಕರೆಯುತ್ತಾನೆ. ಹುಡುಗನಿಗೆ ಅದು ಯಾರ ದನಿಯೆಂದು ತಿಳಿಯುವುದಿಲ್ಲ. ವೃದ್ಧ ಯಾಜಕ ಏಲಿ ಕರೆದನೆಂದುಕೊಂಡು ಮೂರು ಸಲ ಅವನ ಬಳಿಗೆ ಓಡುತ್ತಾನೆ. ತಾನು ಕರೆಯಲಿಲ್ಲವೆಂದು ಏಲಿ ಹೇಳಿ ಕಳುಹಿಸುತ್ತಾನೆ. ಮೂರನೆಯ ಸಲಕ್ಕೆ ಅವನಿಗೆ ಸಂಗತಿ ಹೊಳೆಯುತ್ತದೆ. ಹೋಗಿ ಮಲಗು, ಮತ್ತೆ ಕರೆದರೆ ನೀನೇ ಉತ್ತರ ಕೊಡು ಎನ್ನುತ್ತಾನೆ. ದೇವರು ಹೇಳಿದ್ದು ಏಲಿಯ ಮನೆತನಕ್ಕೇ ಕೇಡಿನ ಮಾತು. ಮರುದಿನ ಹುಡುಗನ ಬಾಯಿಂದ ಅದನ್ನೂ ಮರೆಮಾಚದಂತೆ ಹೇಳಿಸಿ ಕೇಳಿದ.

ಏಲಿ ಒಳ್ಳೆಯ ತಂದೆಯಾಗಿರಲಿಲ್ಲ, ಸ್ವಂತ ಗಂಡುಮಕ್ಕಳನ್ನು ಹದ್ದಿನಲ್ಲಿಡಲಾರದೆ ಹೋದವನು. ಆದರೂ ಆ ರಾತ್ರಿ ಕರೆದವನು ತಾನಲ್ಲವೆಂದು ಹೇಳುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು. ಕರೆದದ್ದು ನಾನೇ, ನೀರು ತಾ ಎಂದಿದ್ದರೆ ಸಮುವೇಲ ತಂದುಕೊಡುತ್ತಿದ್ದ. ಹಿರಿಯರ ದನಿಯನ್ನು ಮಕ್ಕಳು ದೇವರ ದನಿಯೆಂದು ತಿಳಿಯುವುದು ಸಹಜ. ಅದರ ಲಾಭ ಪಡೆಯುವುದು ಸುಲಭ. ಆ ಸಭಾಪಾಲಕರಿಗೆ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿಯ ಆಸೆಯೇ ದೇವರ ಚಿತ್ತವೆಂದು ನಿಮಗೆ ಹೇಗೆ ಗೊತ್ತು ವಕೀಲರೇ ಎಂದರು. ನನಗೆ ಗೊತ್ತಿಲ್ಲ. ಬಳ್ಳಾರಿಗೆ ಹೋಗುವ ಆಸೆಯನ್ನು ಮುಂದೊಂದು ದಿನ ಅವಳೂ ಬಿಟ್ಟುಕೊಡಬೇಕಾಗಬಹುದು, ರಮಾಬಾಯಿಯವರ ವೈದ್ಯವಿದ್ಯೆಯ ಹಾಗೆ. ಅದು ಅವಳು ಮಂಡಿಯೂರಿ ತೀರ್ಮಾನಿಸುವ ವಿಷಯ. ಆದೋನಿಯಲ್ಲಿ ಛಾಪಾ ಕಾಗದದ ಮೇಲೆ ಬರೆಸುವಂಥದ್ದಲ್ಲ. ತಂದೆ ಒಪ್ಪಿಸಬಹುದಾದದ್ದು ತನ್ನ ಭಯವನ್ನು, ತನ್ನ ಮಾನದ ಲೆಕ್ಕವನ್ನು, ಒಳ್ಳೆಯ ಸಂಬಂಧ ಕೈತಪ್ಪೀತೆಂಬ ಆತುರವನ್ನು. ಅವೆಲ್ಲ ಅವರ ಸ್ವಂತ ಸ್ವತ್ತು. ಕ್ರಯವಾಗಲಿ ಅಡಮಾನವಾಗಲಿ ಇಲ್ಲದ ಶುದ್ಧ ಹಕ್ಕು.

ಮೊನ್ನೆ ಅವರು ಮತ್ತೆ ಬಂದಿದ್ದರು, ಈ ಸಲ ಒಬ್ಬರೇ. ಮದುವೆ ನಿಂತಿದೆ. ದೇವರ ಚಿತ್ತದ ವಿಚಾರದಲ್ಲಿ ಮನಸ್ಸು ಬದಲಾಯಿಸಿ ನಿಲ್ಲಿಸಿದ್ದಲ್ಲ, ಎರಡು ವರ್ಷದ ಸಜೆಗೆ ಹೆದರಿ ಗಂಡಿನವರೇ ಹಿಂದೆ ಸರಿದರಂತೆ. ಅದರ ಕೋಪ ಇನ್ನೂ ಅವರ ಮಾತಿನಲ್ಲಿತ್ತು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಬಳ್ಳಾರಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಆಂಧ್ರದವರನ್ನು ಸೇರಿಸಿಕೊಳ್ಳುತ್ತಾರೆಯೇ, ಅದಕ್ಕೆ ಯಾವ ಯಾವ ಕಾಗದ ಬೇಕು ಎಂದು ಕೇಳಿದರು. ಟಿ.ಸಿ., ಮಾರ್ಕ್ಸ್ ಮೆಮೊ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಮೊದಲು ಕೂಡಿಸಿಕೊಳ್ಳಿ, ವಿಚಾರಿಸಿ ಹೇಳುತ್ತೇನೆ ಎಂದೆ. ಚೀಟಿಯಲ್ಲಿ ಬರೆದುಕೊಡಿ ಸಾರ್ ಎಂದರು. ಬರೆದುಕೊಟ್ಟೆ.